ಆ ‘ನಾಲ್ಕು ಜನ’ರಿಗೆ, ಕುದೂರಿನಿಂದ

ಇವರಿಗೆ,
ಶ್ರೀಯುತ ನಾಲ್ಕು ಜನ ಅವರು,
(‘ನಾಲ್ಕು ಜನ ಏನಂತಾರೆ’ ಖ್ಯಾತಿ)
ಟೀ ಅಂಗಡಿ ಬೆಂಚು, ಬಸ್ ಸ್ಟ್ಯಾಂಡ್, ಕುದೂರು,
ಮಾಗಡಿ ತಾಲ್ಲೂಕು, ಸದ್ಯಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ.

ವಿಷಯ: ನಮ್ಮೆಲ್ಲರ ಜೀವನಚರಿತ್ರೆಯನ್ನು ನಮ್ಮ ಅನುಮತಿಯಿಲ್ಲದೆ, ನಾವು ಬದುಕಿ ಮುಗಿಸುವ ಮೊದಲೇ, ಉಚಿತವಾಗಿ ಬರೆದುಕೊಡುತ್ತಿರುವುದಕ್ಕೆ ಕೃತಜ್ಞತೆ ಹಾಗೂ ತಮ್ಮ ನಿವೃತ್ತಿ ಕುರಿತು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ತಾವು ಇಷ್ಟು ಕ್ಷೇಮವಾಗಿರುವುದರಿಂದಲೇ ಊರಿನಲ್ಲಿ ಉಳಿದವರು ಅಷ್ಟು ಕ್ಷೇಮವಾಗಿಲ್ಲ ಎಂಬ ಸಣ್ಣ ವಿಷಯವನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.

ಮೊದಲು ಕೃತಜ್ಞತೆ. ಈ ಊರಿನಲ್ಲಿ ಮಗು ಹುಟ್ಟಿದರೆ ಅದರ ಬಣ್ಣ ಯಾರ ಕಡೆಯದು ಎಂದು ತೀರ್ಮಾನಿಸಿದವರು ನೀವು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಹೆತ್ತವರಿಗಿಂತ ಮೊದಲು ಅಂಕ ತಿಳಿದುಕೊಂಡವರು ನೀವು. ಮದುವೆ ತಡವಾದರೆ ಕಾರಣ ಹುಡುಕಿದವರು, ಮದುವೆಯಾಗಿ ವರ್ಷ ತುಂಬುವ ಮುಂಚೆ ‘ಏನಾದ್ರೂ ವಿಶೇಷ?’ ಎಂದು ಕೇಳಿದವರು, ಮನೆ ಕಟ್ಟಿಸಿದರೆ ಸಾಲ ಎಷ್ಟೆಂದೂ ಕಟ್ಟಿಸದಿದ್ದರೆ ಯೋಗ್ಯತೆ ಎಷ್ಟೆಂದೂ ಲೆಕ್ಕ ಹಾಕಿದವರು, ಎಲ್ಲ ನೀವೇ. ಇಷ್ಟಕ್ಕೂ ಸಂಬಳವಿಲ್ಲ, ಭತ್ಯೆಯಿಲ್ಲ, ಭಾನುವಾರದ ರಜೆಯೂ ಇಲ್ಲ. ಇಂಥ ನಿಷ್ಠೆ ಯಾವ ಇಲಾಖೆಯಲ್ಲಿದೆ ಹೇಳಿ!

ಆಶ್ಚರ್ಯವೆಂದರೆ ನಿಮ್ಮ ಮುಖ ಕಂಡವರು ಯಾರೂ ಇಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಕೂತ ನಾಲ್ವರನ್ನು ವಿಚಾರಿಸಿದರೆ, ನಾಲ್ವರೂ ‘ಅಯ್ಯೋ, ನಾವಲ್ಲಪ್ಪ, ನಮಗೂ ಅವರದ್ದೇ ಭಯ’ ಎನ್ನುತ್ತಾರೆ. ಆದರೂ ನಿಮ್ಮ ಹೆಸರು ಹೇಳದೆ ಇಲ್ಲಿ ಒಂದು ನಾಮಕರಣವಿಲ್ಲ, ಒಂದು ತಿಥಿಯಿಲ್ಲ. ಅದಕ್ಕೇ ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಯಿತು. ಅಂಚೆಯಣ್ಣ ಯಾರ ಕೈಗೆ ಕೊಟ್ಟರೂ ‘ಇದು ನಮಗಲ್ಲ’ ಎಂದು ವಾಪಸು ಕಳಿಸುತ್ತಾರೆ.

ವಿಳಾಸದಲ್ಲಿ ‘ಸದ್ಯಕ್ಕೆ’ ಎಂದು ಬರೆದದ್ದಕ್ಕೆ ಬೇಸರ ಬೇಡ. 1980ರಲ್ಲಿ ಕುದೂರಿನಲ್ಲಿ ಹುಟ್ಟಿದ ಒಬ್ಬರನ್ನು ತೆಗೆದುಕೊಳ್ಳಿ. ಅವರು ಹುಟ್ಟಿದ್ದು ಬೆಂಗಳೂರು ಜಿಲ್ಲೆಯಲ್ಲಿ. 1986ರಲ್ಲಿ ಜಿಲ್ಲೆ ಒಡೆದು, ಒಂದನೇ ಕ್ಲಾಸಿನ ಹೊತ್ತಿಗೆ ಬೆಂಗಳೂರು ಗ್ರಾಮಾಂತರದವರಾದರು. 2007ರಲ್ಲಿ, ನೀವು ಅವರ ಮದುವೆಯ ಬಗ್ಗೆ ಚಿಂತಿಸುತ್ತಿದ್ದ ಕಾಲಕ್ಕೆ, ರಾಮನಗರ ಜಿಲ್ಲೆಯವರಾದರು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಜಿಲ್ಲೆಯ ಹೆಸರು ಬದಲಿಸುವ ತೀರ್ಮಾನ ಮಾಡಿತು. ಮಂಡಿನೋವು ಶುರುವಾಗುವ ವಯಸ್ಸಿಗೆ ಬೆಂಗಳೂರು ದಕ್ಷಿಣದವರಾದರು. ಮನೆ ಬದಲಿಸಲಿಲ್ಲ, ಕೊಟ್ಟಿಗೆಯ ಹಗ್ಗ ಬಿಚ್ಚಲಿಲ್ಲ, ಕೂತ ಜಗುಲಿಯಲ್ಲೇ ನಾಲ್ಕು ಜಿಲ್ಲೆ ಸುತ್ತಿ ಬಂದರು.

ಅದರಲ್ಲೂ ಈ ಕೊನೆಯ ಹೆಸರು ನೋಡಿ. ನಕ್ಷೆ ಬಿಡಿಸಿದರೆ ಕುದೂರು ಇರುವುದು ಬೆಂಗಳೂರಿನ ವಾಯವ್ಯಕ್ಕೆ. ವಿಧಾನಸೌಧದ ಮುಂದೆ ನಿಂತು ನಮ್ಮೂರಿನ ಕಡೆ ಕೈ ತೋರಿಸಿದರೆ ಕೈ ಪಡುವಣಕ್ಕೆ ಹೋಗಿ ಬಡಗಣಕ್ಕೆ ವಾಲುತ್ತದೆ, ತೆಂಕಣಕ್ಕಂತೂ ಹೋಗುವುದಿಲ್ಲ. ಆದರೂ ನಾವು ದಕ್ಷಿಣದವರು. ಯಾರಾದರೂ ಓದು ಬಿಟ್ಟರೆ, ಕೆಲಸ ಬಿಟ್ಟರೆ ‘ದಿಕ್ಕು ತಪ್ಪಿದ’ ಎಂದು ನೀವು ಷರಾ ಬರೆಯುತ್ತಿದ್ದಿರಿ. ಈಗ ಇಡೀ ಹೋಬಳಿ ದಿಕ್ಕು ತಪ್ಪಿರುವುದು ಸರ್ಕಾರಿ ದಾಖಲೆಯಲ್ಲೇ ಇದೆ. ಇನ್ನು ಬಿಡಿಬಿಡಿಯಾಗಿ ಯಾರನ್ನೂ ಬೈಯುವ ಹಾಗಿಲ್ಲ.

ಪಕ್ಕದ ರಾಮನಗರ ಇನ್ನೂ ಹಳಬ. ಟಿಪ್ಪು ಕಾಲಕ್ಕೆ ಶಂಶೇರಾಬಾದ್, ಆಮೇಲೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 1975ರಲ್ಲಿ ‘ಶೋಲೆ’ ತೆರೆಗೆ ಬಂದ ಮೇಲೆ ದೇಶಕ್ಕೆಲ್ಲ ರಾಮಗಢ. ಚಿತ್ರೀಕರಣ ನಡೆದ ಅಲ್ಲಿನ ಬೆಟ್ಟದಲ್ಲಿ ಗಬ್ಬರ್ ಸಿಂಗ್ ಎಂಬ ಡಕಾಯಿತ ಎಂದೂ ಇರಲಿಲ್ಲ. ಆದರೂ ಐವತ್ತು ವರ್ಷದಿಂದ ಬಂದವರೆಲ್ಲ ಅವನು ಕೂತ ಬಂಡೆ ಎಲ್ಲಿ ಎಂದೇ ಕೇಳುತ್ತಾರೆ. ಕಥೆಯನ್ನು ಚೆನ್ನಾಗಿ ಹೇಳಿದರೆ ಕಲ್ಲಿಗೂ ಅಂಟುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬಂಡೆಗೆ ಮಾತ್ರ ಇದರ ಪರಿವೆಯಿಲ್ಲ. ಭೂವಿಜ್ಞಾನಿಗಳು ಇಂದಿಗೂ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷದಿಂದ ಅದು ಯಾರ ಅಭಿಪ್ರಾಯವನ್ನೂ ಕೇಳದೆ ಬಿಸಿಲಿಗೆ ಮೈಯೊಡ್ಡಿ ಮಲಗಿದೆ. ನಮ್ಮ ಚರ್ಮ ಅಷ್ಟು ದಪ್ಪವಿಲ್ಲ. ಅದೇ ನಿಮ್ಮ ಬಂಡವಾಳ.

ನಮ್ಮ ಕಡೆಯ ಹುಡುಗ ಬೆಳಗ್ಗೆ ಬಸ್ಸು ಹತ್ತಿ ಪೀಣ್ಯಕ್ಕೋ ದಾಬಸ್‌ಪೇಟೆಗೋ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಅವನು ‘ಮಾಗಡಿ ಕಡೆಯವನು’. ಮಾಗಡಿಯಲ್ಲಿ ‘ಕುದೂರಿನವನು’. ಕುದೂರಿನಲ್ಲಿ ‘ಇಂಥವರ ಮಗ’. ಮನೆಯಲ್ಲಿ ‘ದೊಡ್ಡವನು’. ಒಂದೇ ದಿನದಲ್ಲಿ ಇಷ್ಟು ಹೆಸರು ಹೊತ್ತು ತಿರುಗಿದರೂ ಅವನಿಗೆ ಆಯಾಸವಾಗುವುದಿಲ್ಲ. ಹೆಸರು ಎಷ್ಟು ಬದಲಾದರೂ ಮನಸ್ಸು ತಡೆದುಕೊಳ್ಳುತ್ತದೆ. ಅವನು ಮುರಿಯುವುದು ಹೆಸರಿಗೆ ನೀವು ಕಥೆ ಕಟ್ಟಿದಾಗ.

ನಿಮ್ಮ ಕಥೆ ಕಟ್ಟುವ ಕಸುಬನ್ನು ಹತ್ತಿರದಿಂದ ನೋಡುವ ಭಾಗ್ಯ ಈ ಊರಿನಲ್ಲಿ ಎಲ್ಲರಿಗೂ ಸಿಕ್ಕಿದೆ. ಕಾರ್ಖಾನೆಯಲ್ಲಿ ಆಳು ಕಡಿಮೆ ಮಾಡಿದರು ಎಂದು ಒಬ್ಬ ಹುಡುಗ ಊರಿಗೆ ಬಂದ ಎನ್ನಿ. ಅಂಗಡಿ ಮುಂದೆ ನಿಮ್ಮ ಪ್ರತಿನಿಧಿಯೊಬ್ಬರು ಸಿಗುತ್ತಾರೆ.

‘ಯಾವಾಗ್ ಬಂದೆ?’

‘ನೆನ್ನೆ.’

‘ಎಷ್ಟ್ ದಿನ ರಜ?’

ಇಲ್ಲಿ ಹುಡುಗ ಉಗುಳು ನುಂಗಿದರೆ ಮುಗಿಯಿತು.

‘ಹಂಗಾದ್ರೆ ಕೆಲ್ಸ?’

‘ನೋಡ್ಬೇಕು.’

ಲೋಟದ ಟೀ ಆರುವ ಮೊದಲು ‘ನೋಡ್ಬೇಕು’ ಎಂಬುದು ‘ಕೆಲಸದಿಂದ ತೆಗೆದ್ರಂತೆ’ ಆಗುತ್ತದೆ. ಮಧ್ಯಾಹ್ನಕ್ಕೆ ‘ಸುಮ್ಸುಮ್ನೆ ತೆಗೀತಾರಾ, ಏನೋ ಮಾಡ್ಕೊಂಡಿರ್ತಾನೆ’. ದೀಪ ಹಚ್ಚುವ ಹೊತ್ತಿಗೆ ‘ಅವನು ಮೊದಲಿಂದಲೂ ಹಂಗೇ’. ಈ ಮೂರನೇ ಮಾತಿಗೆ ನಾನು ಕೈಮುಗಿಯುತ್ತೇನೆ. ಅವನ ಇವತ್ತನ್ನು ಕೆಡಿಸಿ ಸುಮ್ಮನಾಗಬಹುದಿತ್ತು. ನೀವು ಅವನ ನಿನ್ನೆಯನ್ನೂ ತಿದ್ದಿದಿರಿ. ತಂಗಿಯ ಮದುವೆಗೆ ಓವರ್‌ಟೈಮ್ ಮಾಡಿ ಹಣ ಕಳಿಸಿದ್ದು, ಅಪ್ಪನ ಕಣ್ಣಿನ ಆಪರೇಷನ್ ಮಾಡಿಸಿದ್ದು ಎಲ್ಲ ಒಂದೇ ಸಂಜೆಗೆ ಅಳಿಸಿಹೋಯಿತು. ನಾಳೆ ಅವನು ಕನ್ನಡಿ ನೋಡಿಕೊಂಡರೆ ಅಲ್ಲಿ ಕಾಣುವುದು ಆಳು ಕಡಿಮೆ ಮಾಡಿದ ಕಾರ್ಖಾನೆ ಅಲ್ಲ, ಮೊದಲಿಂದಲೂ ಹಂಗೇ ಇದ್ದ ಒಬ್ಬ.

ಹೆಣ್ಣುಮಕ್ಕಳ ವಿಷಯದಲ್ಲಿ ನೀವು ಇನ್ನೂ ಚುರುಕು. ಗಂಡನ ಮನೆಯಿಂದ ಮಗಳು ಬ್ಯಾಗು ಹಿಡಿದು ಬಂದರೆ ಮೊದಲ ವಾರ ‘ಹಬ್ಬಕ್ಕೆ ಬಂದಿರ್ಬೇಕು’. ಎರಡನೇ ವಾರ ಪಂಚಾಂಗ ತೆಗೆದು ಯಾವ ಹಬ್ಬ ಎಂದು ಹುಡುಕುತ್ತೀರಿ. ಮೂರನೇ ವಾರ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡಿದ್ರೆ ಆಗೋದು’. ಅವಳು ಎಷ್ಟು ವರ್ಷ ಅಡ್ಜಸ್ಟ್ ಮಾಡಿಕೊಂಡಳು ಎಂಬುದು ಕಥೆಗೆ ಬೇಡವಾದ ವಿವರ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಹುಡುಗನಿಗಾದರೂ ಸರ್ಕಾರ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಟ್ಟಿದೆ. ಮೊದಲನೆಯದು ಹೋದರೆ ಎರಡನೆಯದು. ನಿಮ್ಮ ಮಂಡಳಿಯಲ್ಲಿ ಮಾತ್ರ ಇಂದಿಗೂ ಒಂದೇ ಪರೀಕ್ಷೆ, ಮರು ಮೌಲ್ಯಮಾಪನವಿಲ್ಲ.

ನಿಮ್ಮ ಕಥೆಗಳಿಗೆಲ್ಲ ಒಂದೇ ಅಚ್ಚು: ‘ಚೆನ್ನಾಗೇ ಇದ್ದ, ಆಮೇಲೆ ಕೆಟ್ಟ.’ ಅಮೆರಿಕದ ಡ್ಯಾನ್ ಮ್ಯಾಕ್‌ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಜನ ತಮ್ಮ ಬದುಕನ್ನು ಹೇಗೆ ಹೇಳಿಕೊಳ್ಳುತ್ತಾರೆ ಎಂಬುದನ್ನೇ ದಶಕಗಳ ಕಾಲ ಅಭ್ಯಾಸ ಮಾಡಿದವರು. ಅವರೂ ಜೊತೆಗಾರರೂ 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಟ್ಟದ್ದು ನಡೆಯಿತು, ಆದರೆ ಅದರಿಂದ ಒಂದು ಒಳ್ಳೆಯದು ಹೊರಟಿತು ಎಂದು ಹೇಳಿಕೊಳ್ಳುವವರು ಒಂದು ಕಡೆ. ಒಳ್ಳೆಯದೇ ಇತ್ತು, ಕೊನೆಗೆ ಎಲ್ಲ ಹಾಳಾಯಿತು ಎಂದು ಹೇಳಿಕೊಳ್ಳುವವರು ಇನ್ನೊಂದು ಕಡೆ. ಎರಡನೇ ಬಗೆಯ ಕಥೆ ಹೆಚ್ಚಿದ್ದ ಕಡೆ ಖಿನ್ನತೆ ಹೆಚ್ಚು, ಬದುಕಿನ ತೃಪ್ತಿ ಕಡಿಮೆ. ಅವರು ಇಷ್ಟಕ್ಕೆ ಪ್ರಶ್ನಾವಳಿ, ಸಂದರ್ಶನ, ಅಂಕಿಅಂಶ ಎಂದು ಕಷ್ಟಪಟ್ಟರು. ಕುದೂರಿಗೆ ಬಂದು ಒಂದು ಮದುವೆ ಮನೆಯ ಎರಡನೇ ಪಂಕ್ತಿಯಲ್ಲಿ ಕೂತಿದ್ದರೆ ಊಟ ಮುಗಿಯುವುದರೊಳಗೆ ತಿಳಿಯುತ್ತಿತ್ತು.

ನೀವು ಬೆಂಚಿನ ಮೇಲೆ ಇರುವವರೆಗೆ ತೊಂದರೆ ಸಹಿಸಬಹುದು. ಬೇಕಾದರೆ ಹುಡುಗ ಹಿಂದಿನ ಬೀದಿಯಲ್ಲಿ ನಡೆದಾನು, ಮದುವೆಗೆ ಹೋಗದೆ ಮುಯ್ಯಿ ಮಾತ್ರ ಕಳಿಸಿಯಾನು. ಆದರೆ ನೀವು ಎಷ್ಟೋ ಜನರ ತಲೆಯೊಳಗೇ ಬಾಡಿಗೆ ಕೊಡದೆ ಮನೆ ಮಾಡಿದ್ದೀರಿ. ರಾತ್ರಿ ಕದ ಹಾಕಿ, ಮೊಬೈಲು ಆಫ್ ಮಾಡಿ, ಮುಸುಕು ಎಳೆದುಕೊಂಡ ಮೇಲೂ ನಿಮ್ಮ ಸಭೆ ನಡೆಯುತ್ತದೆ. ಅಲ್ಲಿ ನೀವು ಅವನದೇ ದನಿಯಲ್ಲಿ ಮಾತಾಡುತ್ತೀರಿ: ‘ನನ್ನ ಕೈಲಿ ಏನೂ ಆಗಲ್ಲ. ನಾನು ಮೊದಲಿಂದಲೂ ಹಂಗೇ.’ ಆಗ ಅವನಿಗೆ ಇದು ನೀವು ಹೇಳಿದ್ದು ಎಂಬುದೇ ಮರೆತುಹೋಗಿರುತ್ತದೆ. ಹಳ್ಳಿ ಬಿಟ್ಟು ಬೆಂಗಳೂರಿಗೆ, ಬೆಂಗಳೂರು ಬಿಟ್ಟು ನ್ಯೂಜೆರ್ಸಿಗೆ ಹೋದವರ ಸಾಮಾನಿನಲ್ಲೂ ನೀವು ಹೋಗಿದ್ದೀರಿ. ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ತೂಕ ಹಾಕುವ ಯಂತ್ರ ಇನ್ನೂ ಬಂದಿಲ್ಲ.

‘ಏನೇ ಆಗಲಿ, ನಾವು ಹೇಳುವುದು ನಿಜ ತಾನೇ’ ಎಂದು ನೀವು ಕೇಳುತ್ತೀರಿ. ಕೇಳಿ. ಕೆಲಸ ಹೋದದ್ದು ನಿಜ, ಫೇಲಾದದ್ದು ನಿಜ, ಮಗಳು ವಾಪಸು ಬಂದದ್ದು ನಿಜ. ನಿಮ್ಮ ಜಾಣ್ಮೆ ಇರುವುದು ನಿಜವನ್ನು ಎಲ್ಲಿಂದ ಶುರು ಮಾಡಿ ಎಲ್ಲಿ ನಿಲ್ಲಿಸುತ್ತೀರಿ ಎಂಬುದರಲ್ಲಿ. ಇದಕ್ಕೆ ಉತ್ತರ ಕೊಟ್ಟವರೊಬ್ಬರು ನಮ್ಮ ತಾಲ್ಲೂಕಿನಲ್ಲೇ ಹುಟ್ಟಿದ್ದರು. 1954ರಲ್ಲಿ, ಮಂಚನಬೆಲೆಯಲ್ಲಿ. ಹೆಸರು ಸಿದ್ಧಲಿಂಗಯ್ಯ.

ದಲಿತ ಕೇರಿಯ ಆ ಹುಡುಗ ಹುಟ್ಟುವ ಮೊದಲೇ ನೀವು ಅವನ ಪೂರ್ತಿ ಜೀವನಚರಿತ್ರೆ ಬರೆದಿಟ್ಟಿದ್ದಿರಿ; ಊರಿನಲ್ಲಿ ಎಲ್ಲಿ ನಿಲ್ಲಬೇಕು, ಯಾರ ಮುಂದೆ ತಲೆ ಎಷ್ಟು ಬಗ್ಗಿಸಬೇಕು ಎಂಬ ವಿವರ ಸಮೇತ. ಅವರು ‘ಊರುಕೇರಿ’ ಎಂಬ ಆತ್ಮಕಥೆ ಬರೆದರು. ಅದರ ಆರಂಭದಲ್ಲೇ ಒಂದು ಹೊಲ ಬರುತ್ತದೆ. ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ಎಳೆಯುತ್ತಿದ್ದಾರೆ, ಹಿಂದೆ ಒಬ್ಬ ನೇಗಿಲು ಹಿಡಿದಿದ್ದಾನೆ. ನೋಡುತ್ತ ನಿಂತ ಹುಡುಗನಿಗೆ ಆ ಇಬ್ಬರಲ್ಲಿ ಒಬ್ಬರು ತಂದೆ. ಇದಕ್ಕಿಂತ ಭಾರವಾದ ನಿಜ ಯಾರ ಬದುಕಿನಲ್ಲಿದ್ದೀತು? ಅದನ್ನು ಅವರು ಮುಚ್ಚಲಿಲ್ಲ, ಮೆದು ಮಾಡಲಿಲ್ಲ. ಆದರೆ ಅದೇ ಪುಸ್ತಕದ ಉದ್ದಕ್ಕೂ ಓದುಗ ನಗುತ್ತಾನೆ. ಬೆಂಗಳೂರಿನ ಶ್ರೀರಾಂಪುರದ ಬಡತನ, ಹಾಸ್ಟೆಲಿನ ಹಸಿವು, ಓದಲು ಹೋಗಿ ಕೂರುತ್ತಿದ್ದ ಸ್ಮಶಾನ ಎಲ್ಲಕ್ಕೂ ಒಂದು ತುಂಟತನವಿದೆ. ಆ ನಗು ತಂದೆಯ ಮೇಲಲ್ಲ, ಕೇರಿಯ ಮೇಲಲ್ಲ. ಬಹುಪಾಲು ಅದು ನಿಮ್ಮ ಮೇಲೆ.

ಸರ್ಕಾರ ನಮ್ಮ ಜಿಲ್ಲೆಗೆ ಮಾಡಿದ್ದನ್ನೂ ಸಿದ್ಧಲಿಂಗಯ್ಯ ತಮ್ಮ ಬದುಕಿಗೆ ಮಾಡಿಕೊಂಡದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸರ್ಕಾರ ಹೆಸರು ಬದಲಿಸಿತು; ಬಸ್ಸು, ಬೋರ್‌ವೆಲ್ಲು, ರಾಗಿ ಬೆಲೆ ಇದ್ದಲ್ಲೇ ಇವೆ. ಸಿದ್ಧಲಿಂಗಯ್ಯ ಒಂದು ಘಟನೆಯನ್ನೂ ಬದಲಿಸಲಿಲ್ಲ. ಹೇಳುವ ಹಕ್ಕನ್ನು ನಿಮ್ಮ ಕೈಯಿಂದ ಕಿತ್ತುಕೊಂಡರು. ಅದಾದ ಮೇಲೆ ನಿಮ್ಮ ಕಥೆಯಲ್ಲಿ ನೊಗ ಹೊತ್ತವನಿಗೆ ಅವಮಾನವಾಗಿದ್ದದ್ದು ಅವರ ಕಥೆಯಲ್ಲಿ ನೊಗ ಹೊರಿಸಿದವನಿಗೆ ಅವಮಾನವಾಯಿತು.

ಅವರು ವಿಧಾನ ಪರಿಷತ್ತಿನ ಸದಸ್ಯರಾದರು, ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾದರು. ಹಾಗಿದ್ದೂ ಪುಸ್ತಕಕ್ಕೆ ‘ನೊಗದಿಂದ ವಿಧಾನ ಪರಿಷತ್ತಿಗೆ: ಯಶಸ್ಸಿನ ಏಳು ಸೂತ್ರಗಳು’ ಎಂದು ಹೆಸರಿಡಲಿಲ್ಲ. ಒಬ್ಬನೇ ಗೆದ್ದೆ ಎಂದು ಹೇಳಿಕೊಳ್ಳಲೂ ಇಲ್ಲ. 1975ರಲ್ಲಿ ಬಂದ ‘ಹೊಲೆಮಾದಿಗರ ಹಾಡು’ ಸಂಕಲನದ ಪದ್ಯಗಳನ್ನು ದಲಿತ ಚಳವಳಿಯ ಮೆರವಣಿಗೆಗಳು ಬೀದಿಯಲ್ಲಿ ಹಾಡಿದವು. ಒಬ್ಬನ ಕಥೆ ಹಲವರ ಬಾಯಿಗೆ ಬಂದಾಗ ಅದು ತಲೆಯೊಳಗಿನ ಸಮಾಧಾನವಾಗಿ ಉಳಿಯಲಿಲ್ಲ, ಊರಿನ ಲೆಕ್ಕಾಚಾರವನ್ನೇ ಕೇಳತೊಡಗಿತು. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಿತು.

ಇದನ್ನು ಹೇಳಲು ಕಾರಣವಿದೆ. ಇತ್ತೀಚೆಗೆ ನಿಮಗೆ ತಮ್ಮಂದಿರು ಹುಟ್ಟಿದ್ದಾರೆ. ಕಿವಿಗೆ ಸಣ್ಣ ಮೈಕು ಸಿಕ್ಕಿಸಿಕೊಂಡು ಕಾಲೇಜಿನ ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತ, ‘ನಿಮ್ಮ ಕಥೆ ಬದಲಿಸಿ, ಬದುಕು ತಾನಾಗಿ ಬದಲಾಗುತ್ತೆ’ ಎನ್ನುವವರು. ಎಲ್ಲ ಮನಸ್ಸಿನಲ್ಲೇ ಇದೆಯಂತೆ. ಮುನ್ನೂರು ಅಡಿಯ ಬೋರ್‌ವೆಲ್ ಬತ್ತಿ ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ‘ಪಾಸಿಟಿವ್ ಆಗಿ ಯೋಚನೆ ಮಾಡಿ’ ಎಂಬುದನ್ನು ಸಾಲ ಕೊಟ್ಟವನಿಗೆ ಹೇಳಬೇಕೋ, ಬೋರ್‌ವೆಲ್ಲಿಗೆ ಹೇಳಬೇಕೋ ಅವರು ತಿಳಿಸುವುದಿಲ್ಲ. ನೀವು ‘ಅವನು ಕೆಟ್ಟದ್ದು ಅವನಿಂದಲೇ’ ಎನ್ನುತ್ತೀರಿ. ಅವರು ‘ನೀನು ಉದ್ಧಾರವಾಗದಿದ್ದರೆ ಅದು ನಿನ್ನಿಂದಲೇ’ ಎನ್ನುತ್ತಾರೆ. ಅಣ್ಣತಮ್ಮಂದಿರ ಹೋಲಿಕೆ ಎದ್ದು ಕಾಣುತ್ತದೆ. ವ್ಯತ್ಯಾಸವೆಂದರೆ ತಮ್ಮಂದಿರು ಟಿಕೆಟ್ ಇಡುತ್ತಾರೆ.

ನಮ್ಮ ಅಜ್ಜಿಯರು ನಿಮ್ಮಿಬ್ಬರಿಗಿಂತಲೂ ಬುದ್ಧಿವಂತರಾಗಿದ್ದರು. ಮಗು ಊಟ ಬಿಟ್ಟು ಮಂಕಾಗಿ ಕೂತರೆ ಅದಕ್ಕೆ ‘ಸೋಮಾರಿ’, ‘ಹಟಮಾರಿ’ ಎಂದು ಹೆಸರಿಡುತ್ತಿರಲಿಲ್ಲ. ‘ದೃಷ್ಟಿ ಆಗಿದೆ’ ಎನ್ನುತ್ತಿದ್ದರು. ಒಂದು ಹಿಡಿ ಕಲ್ಲುಪ್ಪು, ಒಣಮೆಣಸಿನಕಾಯಿ, ನಾಲ್ಕು ಪೊರಕೆ ಕಡ್ಡಿ ತಂದು ತಲೆಯಿಂದ ಕಾಲಿನವರೆಗೆ ಇಳಿ ತೆಗೆದು, ಮಗುವಿನ ಕೈಲಿ ಮೂರು ಸಲ ಉಗಿಸಿ ಒಲೆಗೆ ಹಾಕುತ್ತಿದ್ದರು. ಉಪ್ಪು ಚಟಪಟ ಎನ್ನುತ್ತಿತ್ತು. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ‘ನೋಡ್ದಾ, ಎಷ್ಟ್ ದೃಷ್ಟಿ ಇತ್ತು’ ಎಂದು ಮಗುವಿನ ಗಲ್ಲ ಮುಟ್ಟಿ ನೆಟಿಗೆ ಮುರಿಯುತ್ತಿದ್ದರು. ಆ ಉಪ್ಪಿನಿಂದ ಜ್ವರ ಇಳಿಯಿತು ಎಂದು ನಾನು ಹೇಳುತ್ತಿಲ್ಲ. ಕಷ್ಟ ಹೊರಗಿನಿಂದ ಬಂದದ್ದು, ಅದನ್ನು ಒಲೆಗೆ ಹಾಕಬಹುದು, ಮಗು ಮಾತ್ರ ಬಂಗಾರ ಎಂಬ ತೀರ್ಪು ಆ ವಿಧಿಯಲ್ಲಿತ್ತು.

ಆಸ್ಟ್ರೇಲಿಯಾದ ಮೈಕೆಲ್ ವೈಟ್, ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ ಎಂಬಿಬ್ಬರು 1990ರಲ್ಲಿ ಪುಸ್ತಕ ಬರೆದು ಒಂದು ಚಿಕಿತ್ಸಾ ಪದ್ಧತಿಯನ್ನೇ ಜಗತ್ತಿಗೆ ಪರಿಚಯಿಸಿದರು. ಅದರ ತಿರುಳು ಇದೇ: ಮನುಷ್ಯ ಬೇರೆ, ಅವನಿಗೆ ಬಂದ ಸಮಸ್ಯೆ ಬೇರೆ, ಎರಡನ್ನೂ ಬಿಡಿಸಿ ಇಟ್ಟರೆ ಅವನು ಸಮಸ್ಯೆಯ ಜೊತೆ ಮಾತಾಡಬಲ್ಲ, ಜಗಳವಾಡಬಲ್ಲ. ಅವರು ತಮ್ಮಲ್ಲಿಗೆ ಬಂದವರಿಗೆ ಕಾಗದ ಬರೆದೂ ಚಿಕಿತ್ಸೆ ಮಾಡುತ್ತಿದ್ದರು. ಆದ್ದರಿಂದ ಈ ಪತ್ರಕ್ಕೂ ಶಾಸ್ತ್ರಾಧಾರವಿದೆ ಎಂದು ತಿಳಿಯಿರಿ. ಇನ್ನು ನಿಮ್ಮ ಪದ್ಧತಿ ಅಜ್ಜಿಯದಕ್ಕೆ ಪೂರ್ತಿ ತಲೆಕೆಳಗು. ಬೇಸರ ಬಂದವನನ್ನು ನೀವು ‘ಸಪ್ಪೆ ಮನುಷ್ಯ’ ಮಾಡುತ್ತೀರಿ, ನಿದ್ದೆ ಬಾರದವನನ್ನು ‘ತಲೆ ಕೆಟ್ಟವನು’ ಮಾಡುತ್ತೀರಿ. ಅಜ್ಜಿ ಒಲೆಗೆ ಹಾಕಿದ್ದನ್ನು ನೀವು ಕೈಹಾಕಿ ತೆಗೆದು ಮಗುವಿನ ಹಣೆಗೆ ಹಚ್ಚುತ್ತೀರಿ.

‘ಹಳ್ಳಿಯವರಿಗೆ ಮನಸ್ಸಿನ ಕಾಯಿಲೆ ಎಲ್ಲಿ, ಅದೆಲ್ಲ ಸಿಟಿಯವರ ಸೋಗು’ ಎಂಬುದು ನಿಮ್ಮ ಇನ್ನೊಂದು ಅಚ್ಚುಮೆಚ್ಚಿನ ಮಾತು. ಮನೋವೈದ್ಯ ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್‌ಸ್ಟೇರ್ಸ್ ನಮ್ಮ ಕರಾವಳಿಯ ಕೋಟದಲ್ಲಿ ಮನೆಮನೆ ವಿಚಾರಿಸಿ 1976ರಲ್ಲೇ ಪುಸ್ತಕ ತಂದರು. ಹಳ್ಳಿಯ ಬದುಕೂ ಮನಸ್ಸನ್ನು ಹಿಂಡುತ್ತದೆ ಎಂಬುದು ಆಗಲೇ ದಾಖಲಾಗಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಮಂದಿ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆ ಇದ್ದವರಲ್ಲಿ ಶೇ 85ರಷ್ಟು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆಸ್ಪತ್ರೆ ದೂರ, ವೈದ್ಯರು ಕಡಿಮೆ, ಕೈಯಲ್ಲಿ ಕಾಸಿಲ್ಲ, ಇದು ಕಾಯಿಲೆ ಎಂದೇ ಗೊತ್ತಿಲ್ಲ ಎಂಬ ಕಾರಣಗಳಿವೆ. ಅವುಗಳ ಜೊತೆಗೆ ‘ಆಸ್ಪತ್ರೆ ಬಾಗಿಲಲ್ಲಿ ಯಾರಾದ್ರೂ ನೋಡಿದ್ರೆ?’ ಎಂಬುದೂ ಇದೆ. ಆ ‘ಯಾರಾದ್ರೂ’ ತಾವೇ.

ರಾಜ್ಯದಲ್ಲಿ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವಿದೆ. ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಏರ್ಪಾಡು. ನಮ್ಮ ಕಡೆ ಮಂಗಳವಾರ ಅಮ್ಮನವರ ಗುಡಿಗೆ ಹೋಗುವ ವಾರವೂ ಹೌದು. ಒಂದೇ ಬಸ್ಸಿನಲ್ಲಿ ಎರಡೂ ಕೆಲಸ ಆಗುತ್ತದೆ, ಒಂದಕ್ಕೆ ಹೋಗಿದ್ದನ್ನು ಹೇಳಿಕೊಂಡು ತಿರುಗುವವರು ಇನ್ನೊಂದನ್ನು ಮುಚ್ಚಿಡಬೇಕಿಲ್ಲ.

ಕಥೆ ಬದಲಿಸಿದರೆ ಕಾಯಿಲೆ ವಾಸಿಯಾಗುತ್ತದೆಯೇ? ಆಗುವುದಿಲ್ಲ, ಕಾಯಿಲೆಗೆ ವೈದ್ಯರೇ ಬೇಕು, ಕೆಲವರಿಗೆ ಮಾತ್ರೆಯೂ ಬೇಕು. ಆದರೆ ಕಥೆಗೂ ಅಲ್ಲಿ ಕೆಲಸವಿದೆ. ಜೊನಾಥನ್ ಆಡ್ಲರ್ ಎಂಬ ಸಂಶೋಧಕರು ಆಪ್ತ ಸಮಾಲೋಚನೆಗೆ ಬರುತ್ತಿದ್ದ 47 ಜನರಿಂದ ಪ್ರತಿ ಭೇಟಿಯ ಸುತ್ತ ಅವರವರ ಕಥೆ ಬರೆಸಿದರು. 2012ರಲ್ಲಿ ಫಲಿತಾಂಶ ಬಂತು. ಜನ ಮೊದಲು ತಮ್ಮ ಕಥೆಯಲ್ಲಿ ತಾವೂ ಏನೋ ಮಾಡಬಲ್ಲವರು ಎಂದು ಬರೆಯತೊಡಗಿದರು, ಆಮೇಲೆ ಅವರ ಮನಸ್ಸಿನ ಆರೋಗ್ಯ ಸುಧಾರಿಸಿತು. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್, ರಾಬಿನ್ ಫಿವುಶ್ ಅವರು ಮಕ್ಕಳಿಗೆ ಮನೆತನದ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳಿದರು: ಅಜ್ಜ ಎಲ್ಲಿ ಬೆಳೆದರು, ಅಪ್ಪ ಅಮ್ಮ ಹೇಗೆ ಭೇಟಿಯಾದರು, ಮನೆಯಲ್ಲಿ ಏನು ಕಷ್ಟ ಬಂದಿತ್ತು ಎಂಬಂಥವು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಿಗೆ ತಮ್ಮ ಬಗ್ಗೆ ಹೆಚ್ಚು ಭರವಸೆಯಿತ್ತು. ಅಂದರೆ ಅಜ್ಜ ಎರಡು ಸಲ ಬೆಳೆ ಕಳೆದುಕೊಂಡು ಮೂರನೇ ಸಲ ಬಿತ್ತಿದ್ದನ್ನು ಮೊಮ್ಮಗನಿಗೆ ಹೇಳಬೇಕು. ನಮ್ಮ ಮನೆಗಳಲ್ಲಿ ಆಗುವುದೇನು? ಅಜ್ಜನ ಆಸ್ತಿಯ ಕಥೆ ಹೇಳುತ್ತೇವೆ, ಸೋತ ಕಥೆ ಮುಚ್ಚುತ್ತೇವೆ. ಯಾಕೆ? ನಾಲ್ಕು ಜನ ಏನಂತಾರೆ!

ಈ ಎಲ್ಲ ಕಾರಣಗಳಿಂದ, ಮಾನ್ಯರೇ, ತಮ್ಮನ್ನು ಸೇವೆಯಿಂದ ಗೌರವಪೂರ್ವಕವಾಗಿ ನಿವೃತ್ತಿಗೊಳಿಸಲು ತೀರ್ಮಾನಿಸಲಾಗಿದೆ. ಷರತ್ತುಗಳು ಹೀಗಿವೆ. ಬೆಂಚು ನಿಮ್ಮದೇ, ಟೀ ಎಂದಿನಂತೆ. ಮಳೆ, ರಾಜಕೀಯ, ಕ್ರಿಕೆಟ್, ಜಿಲ್ಲೆಗೆ ಮುಂದೆ ಯಾವ ಹೆಸರು ಬರಬಹುದು ಎಂಬ ವಿಷಯಗಳ ಮೇಲೆ ನಿಮಗೆ ಪೂರ್ಣ ಅಧಿಕಾರ. ಊರಿಗೆ ವಾಪಸು ಬಂದವರನ್ನು ‘ಊಟ ಆಯ್ತಾ’ ಎಂದು ಕೇಳಬಹುದು. ‘ಎಷ್ಟ್ ದಿನ ರಜ’ ಎಂದು ಕೇಳುವ ಹಾಗಿಲ್ಲ. ಯಾರ ಬಗ್ಗೆಯೂ ‘ಮೊದಲಿಂದಲೂ ಹಂಗೇ’ ಎಂಬ ವಾಕ್ಯ ಬಳಸುವುದನ್ನು ಇಂದಿನಿಂದ ನಿಷೇಧಿಸಲಾಗಿದೆ. ತಲೆಯೊಳಗಿನ ಮನೆಗಳನ್ನು ಖಾಲಿ ಮಾಡಲು ಕಾಲಾವಕಾಶ ಕೊಟ್ಟಿದೆ. ಹಳೆ ಬಾಡಿಗೆ ಮನ್ನಾ.

ಇದನ್ನು ಓದುತ್ತಿರುವ ಉಳಿದವರಿಗೆ ಎರಡು ಮಾತು. ಆ ನಾಲ್ವರಲ್ಲಿ ಒಬ್ಬರ ಸ್ಥಾನ ಯಾವಾಗಲೂ ಖಾಲಿ ಇರುತ್ತದೆ. ನಾವೆಲ್ಲ ಒಂದೊಂದು ದಿನ ಅಲ್ಲಿ ಹೋಗಿ ಕೂತು ಬರುವವರೇ. ನಾಳೆ ಯಾರಾದರೂ ಕರೆದರೆ ಕೂರಬೇಡಿ. ಇನ್ನು, ನಿಮ್ಮ ಕಥೆಯನ್ನು ನಿಮಗೇ ಹೇಳಿಕೊಳ್ಳಲಾಗದಷ್ಟು ಆ ಸಭೆಯ ಗದ್ದಲ ತಲೆಯಲ್ಲಿ ಹೆಚ್ಚಾದರೆ, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮನಸ್ ಸಹಾಯವಾಣಿಗೆ ಕರೆ ಮಾಡಿ. ಸಂಖ್ಯೆ 14416. ದುಡ್ಡಿಲ್ಲ, ರಾತ್ರಿ ಹಗಲೆನ್ನದೆ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಯಾವ ಜಿಲ್ಲೆಯಿಂದ ಎಂದು ಕೇಳಿದರೆ ಗೊಂದಲ ಮಾಡಿಕೊಳ್ಳದೆ ಕುದೂರು ಎನ್ನಿ.

ಇಂತಿ,
ತಮ್ಮ ಕಥೆಗಳಲ್ಲಿ ಪಾತ್ರ ಮಾಡಿ ಸಾಕಾದ
ಕುದೂರಿನ ಒಬ್ಬ ನಿವಾಸಿ